ಆವರ್ತನ ಧ್ಯಾನ: ಕೂರಲಾರದವರ ವಿಶ್ರಾಂತಿ

ಕಣ್ಣು ಮುಚ್ಚಿ ಅಲುಗದೆ ಕೂರುವುದೇ ಧ್ಯಾನ ಎಂಬ ರೂಢಿಯ ತಿಳಿವಳಿಕೆಯಿಂದಾಗಿ, ಹಾಗೆ ಕೂರಲಾಗದವರು ಕೊರತೆ ತಮ್ಮದೇ ಎಂದು ಭಾವಿಸಿ ವಿಶ್ರಾಂತಿಯ ಆಸೆಯನ್ನೇ ಬಿಟ್ಟುಬಿಡುವುದುಂಟು. ಇಂಥವರ ದೃಷ್ಟಿಯಿಂದ ಪರಿಶೀಲಿಸಬೇಕಾದ ಕ್ರಮವೆಂದರೆ, ಬೆಂಗಳೂರಿನ ಸ್ವಾಮಿ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನ, ಅಂದರೆ ಎಸ್-ವ್ಯಾಸ, ಎಚ್.ಆರ್. ನಾಗೇಂದ್ರ ಅವರ ನೇತೃತ್ವದಲ್ಲಿ ಬಳಕೆಗೆ ತಂದ ಆವರ್ತನ ಧ್ಯಾನ. ಇಪ್ಪತ್ತೆರಡು–ಇಪ್ಪತ್ಮೂರು ನಿಮಿಷಗಳ ಈ ಅಭ್ಯಾಸದಲ್ಲಿ ಸಾಧಕರು ಮೊದಲು ಅಂಗಾತ ಮಲಗಿ ಇಡೀ ಮೈಯನ್ನು ಬಿಗಿಹಿಡಿದು ಒಮ್ಮೆಲೇ ಸಡಿಲಿಸುತ್ತಾರೆ. ಬಳಿಕ ಎದ್ದು ನಿಂತು, ಪಕ್ಕಕ್ಕೆ ಬಾಗುವ ಅರ್ಧಕಟಿ ಚಕ್ರಾಸನ, ಮುಂದೆ ಬಾಗುವ ಪಾದಹಸ್ತಾಸನ, ಹಿಂದೆ ಬಾಗುವ ಅರ್ಧಚಕ್ರಾಸನಗಳನ್ನು ತೀರ ನಿಧಾನವಾಗಿ ಮಾಡುತ್ತಾರೆ. ಅನಂತರ ಮತ್ತೆ ಮಲಗಿ ಶವಾಸನದ ದೀರ್ಘ ವಿಶ್ರಾಂತಿಗೆ ಬರುತ್ತಾರೆ. ಉದ್ದೀಪನ ಮತ್ತು ಸಡಿಲಿಕೆ ಸರದಿಯಂತೆ ಬರುವುದರಿಂದ ಇದಕ್ಕೆ ಆವರ್ತನವೆಂಬ ಹೆಸರು.

ಈ ಕ್ರಮಕ್ಕೆ ಪ್ರಮಾಣವಾಗಿ ಸಂಸ್ಥೆ ಮುಂದಿಡುವುದು ಮಾಂಡೂಕ್ಯೋಪನಿಷತ್ತಿಗೆ ಗೌಡಪಾದರು ಬರೆದ ಕಾರಿಕೆಗಳ ಮೂರನೆಯ ಪ್ರಕರಣವನ್ನು. ಮನಸ್ಸು ಲಯಕ್ಕೆ, ಎಂದರೆ ತೂಕಡಿಕೆಯಂಥ ಜಡಸ್ಥಿತಿಗೆ, ಜಾರಿದಾಗ ಅದನ್ನು ಎಚ್ಚರಿಸಬೇಕು, ವಿಕ್ಷೇಪಕ್ಕೆ, ಎಂದರೆ ಚದರಾಟಕ್ಕೆ, ಸಿಕ್ಕಿದಾಗ ಶಮನಗೊಳಿಸಬೇಕು ಎಂಬುದು ಅಲ್ಲಿನ ಸೂಚನೆ. ಆದರೆ ಗೌಡಪಾದರು ಹೇಳುತ್ತಿರುವುದು ಮನಸ್ಸನ್ನು ಕುರಿತು. ಅದನ್ನು ಎಚ್ಚರಿಸಲು ಸೊಂಟ ಬಾಗಿಸಬೇಕೆಂಬುದು ಕಾರಿಕೆಯಲ್ಲಿಲ್ಲ, ಅದು ಆಧುನಿಕರ ಜಾಣ ವಿಸ್ತರಣೆ. ಇನ್ನೂ ಕುತೂಹಲದ ಸಂಗತಿಯೆಂದರೆ, ಅದರ ಮುಂದಿನ ಕಾರಿಕೆಯು ಸಮಾಧಿಯಲ್ಲಿ ಒದಗುವ ಸುಖವನ್ನು ಸವಿಯುತ್ತ ಕೂರಬಾರದೆಂದು ತಡೆಯುತ್ತದೆ. ಒತ್ತಡ ನಿವಾರಣೆಯ ಶಿಬಿರಗಳಿಗೆ ಬರುವವರಿಗೆ ಬೇಕಾಗಿರುವುದಾದರೋ ಆ ಸುಖವೇ. ಹೀಗಾಗಿ ಈ ಕ್ರಮವನ್ನು ಉಪನಿಷತ್ತಿನ ನೇರ ವಾರಸುದಾರನೆನ್ನುವುದಕ್ಕಿಂತ, ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್‌ಸನ್ 1929ರಲ್ಲಿ ಗ್ರಂಥರೂಪದಲ್ಲಿ ವಿವರಿಸಿದ, ಸ್ನಾಯುಗಳನ್ನು ಒಂದೊಂದಾಗಿ ಬಿಗಿಮಾಡಿ ಸಡಿಲಿಸುವ ಪದ್ಧತಿಯ ದಾಯಾದಿ ಎನ್ನುವುದು ಹೆಚ್ಚು ಸರಿ. ಸಡಿಲಿಕೆಯೆಂದರೆ ಏನೆಂದು ತಿಳಿಯದ ಮೈಗೆ ಮೊದಲು ಬಿಗಿತದ ಅರಿವು ಮೂಡಿಸಬೇಕೆಂಬ ತತ್ತ್ವ ಎರಡರಲ್ಲಿಯೂ ಇದೆ, ಮತ್ತು ಆವರ್ತನ ಧ್ಯಾನದ ನಿಜವಾದ ಬಲ ಇರುವುದೂ ಅಲ್ಲಿಯೇ.

ಸಂಶೋಧಕಿ ಶರ್ಲಿ ಟೆಲ್ಲಸ್ ಮತ್ತು ಸಂಗಡಿಗರು 2000ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, 40 ಪುರುಷರಲ್ಲಿ ಆವರ್ತನ ಧ್ಯಾನದ ನಂತರ ಆಮ್ಲಜನಕದ ಬಳಕೆ ಶೇ. 32.1ರಷ್ಟು ತಗ್ಗಿದರೆ, ಅಷ್ಟೇ ಹೊತ್ತಿನ ಶವಾಸನದ ನಂತರ ಶೇ. 10.1ರಷ್ಟು ಮಾತ್ರ ತಗ್ಗಿತೆಂದು ವರದಿ ಮಾಡಿತು. ಮಲಗಿಯೇ ಇದ್ದಾಗಿನದಕ್ಕಿಂತ ಎದ್ದು ಬಾಗಿ ಮತ್ತೆ ಮಲಗಿದಾಗ ದೇಹ ಹೆಚ್ಚು ತಣಿಯಿತೆಂಬ ಈ ಫಲಿತಾಂಶ ಗಮನಾರ್ಹವಾದರೂ, ಆಮ್ಲಜನಕದ ಲೆಕ್ಕವು ನೆಮ್ಮದಿಯ ಲೆಕ್ಕವಲ್ಲ. ಕ್ರಮವನ್ನು ರೂಪಿಸಿದ ವಲಯದಿಂದಲೇ ಬಂದ ಪರೀಕ್ಷೆಯನ್ನು, ಅದೂ ಗಂಡಸರನ್ನಷ್ಟೇ ಒಳಗೊಂಡದ್ದನ್ನು, ಎಚ್ಚರದಿಂದ ಓದಬೇಕಾಗುತ್ತದೆ. ವಿಶ್ರಮಿಸಲು ಹೊರಟಾಗಲೇ ಕಳವಳ ಹೆಚ್ಚುವವರೂ ಇದ್ದಾರೆ. 1983ರಲ್ಲಿ ಹೈಡ್ ಮತ್ತು ಬಾರ್ಕೋವೆಕ್ ಎಂಬ ಮನಶ್ಶಾಸ್ತ್ರಜ್ಞರು ನಡೆಸಿದ ಒಂದು ಚಿಕ್ಕ ಅಧ್ಯಯನದಲ್ಲಿ ಇಂಥ ಕಳವಳ ಸ್ನಾಯು ಸಡಿಲಿಕೆಗಿಂತ ಮಂತ್ರಧ್ಯಾನದಲ್ಲಿಯೇ ಹೆಚ್ಚು ಕಂಡುಬಂದಿತ್ತು. ಅಂಥವರಿಗೆ ಚಲನೆಯಿರುವ ಕ್ರಮ ಒಗ್ಗೀತು ಎನ್ನಬಹುದಾದರೂ, ಆರಂಭದಿಂದ ಅಂತ್ಯದವರೆಗೂ ಕಣ್ಣು ಮುಚ್ಚಿಯೇ ಇರಬೇಕೆಂಬ ನಿಯಮ ಅವರಿಗೇ ತೊಡಕಾಗುತ್ತದೆ. ನಿಂತು ಬಾಗುವ ಭಾಗದಲ್ಲಾದರೂ ಕಣ್ಣು ತೆರೆಯಲು ಅನುಮತಿ ಕೊಟ್ಟಿದ್ದರೆ ಕ್ರಮಕ್ಕೆ ಏನೂ ನಷ್ಟವಾಗುತ್ತಿರಲಿಲ್ಲ.

ಶಿಬಿರದ ವಿಶಾಲ ಸಭಾಂಗಣದಿಂದ ಹೊರತಂದು ಹೈದರಾಬಾದಿನ ಸನತ್‌ನಗರದಂಥ ಬಡಾವಣೆಯಲ್ಲಿಟ್ಟು ನೋಡಿದಾಗ ಈ ಅಭ್ಯಾಸದ ಗುಣವೂ ಮಿತಿಯೂ ಹೆಚ್ಚು ಸ್ಪಷ್ಟವಾಗುತ್ತವೆ. ಕೈಗಾರಿಕಾ ವಸಾಹತು, ಕಾರ್ಮಿಕರ ಇಎಸ್‌ಐ ಆಸ್ಪತ್ರೆ, ಪಕ್ಕದ ಎರ್ರಗಡ್ಡದಲ್ಲಿ ಸರ್ಕಾರಿ ಮಾನಸಿಕ ಆಸ್ಪತ್ರೆ, ಸಿಕಂದರಾಬಾದಿನಿಂದ ಕಲಬುರಗಿ ಜಿಲ್ಲೆಯ ವಾಡಿಯತ್ತ ಸಾಗುವ ರೈಲು ಹಳಿ, ಅದಕ್ಕೆ ಬಂದು ಕೂಡುವ ಮೌಲಾ ಅಲಿಯ ಹಳಿ ಇವೆಲ್ಲ ಒತ್ತೊತ್ತಾಗಿರುವಲ್ಲಿ ನಿಶ್ಶಬ್ದವನ್ನು ಷರತ್ತಾಗಿಸುವ ಯಾವ ಧ್ಯಾನವೂ ನಡೆಯದು. ಗಮನವನ್ನು ಕಿವಿಯಿಂದ ತೊಡೆ, ಬೆನ್ನು, ಅಂಗಾಲುಗಳ ಕಡೆ ತಿರುಗಿಸುವ ಈ ಕ್ರಮ ಅಂಥ ಸದ್ದಿನ ನಡುವೆಯೂ ಸಾಧ್ಯ. ಒಬ್ಬರು ಕೈಚಾಚಿ ಮಲಗುವಷ್ಟು ನೆಲ ಮಾತ್ರ ಬೇಕು, ಒಂದೇ ಕೋಣೆಯ ಮನೆಯಲ್ಲಿ ಅದೂ ಸುಲಭವಲ್ಲ ಎನ್ನುವುದು ಬೇರೆ ಮಾತು. ಸೂಚನೆಯ ಧ್ವನಿಯ ಮೇಲಿನ ಅವಲಂಬನೆ ಇನ್ನೊಂದು ತೊಡಕು. ಸಂಸ್ಕೃತದ ಆಸನನಾಮಗಳಿಂದ ತುಂಬಿದ ಗಂಭೀರ ಧ್ವನಿಗಿಂತ, ಕನ್ನಡ, ತೆಲುಗು, ದಖನಿ ಬೆರೆತ ಈ ನಗರದಲ್ಲಿ ಕೇಳುವವರ ಮನೆಮಾತಿನಲ್ಲಿ ಹೇಳಿದ ‘ಭುಜ ಇಳಿಬಿಡಿ’ ಎಂಬಷ್ಟೇ ಸರಳ ಮಾತು ಮೈಗೆ ಬೇಗ ಮುಟ್ಟುತ್ತದೆ.

ಕೊನೆಯ ಶವಾಸನದಲ್ಲಿ ನಿದ್ದೆಹೋಗುವುದನ್ನು ಈ ಪದ್ಧತಿ ದೋಷವೆಂದೇ ಎಣಿಸುತ್ತದೆ, ಏಕೆಂದರೆ ಲಯದಿಂದ ಎಚ್ಚರಿಸುವುದೇ ಅದರ ಮೂಲ ಪ್ರತಿಜ್ಞೆ. ಮೋಕ್ಷಾರ್ಥಿಗೆ ಆ ಕಟ್ಟುನಿಟ್ಟು ಒಪ್ಪುತ್ತದೆ. ರಾತ್ರಿ ಪಾಳಿ ಮುಗಿಸಿ ಬೆಳಗ್ಗೆ ಮನೆಗೆ ಬಂದು, ದಣಿದಿದ್ದರೂ ಕಣ್ಣಿಗೆ ಕಣ್ಣು ಹತ್ತದೆ ಹೊರಳಾಡುವ ಕಾರ್ಮಿಕನಿಗಾದರೆ, ಅರ್ಧ ಆವರ್ತನದಲ್ಲಿಯೇ ಗೊರಕೆ ಶುರುವಾದರೆ ಅಭ್ಯಾಸ ತನ್ನ ಕೆಲಸ ಮಾಡಿದೆಯೆಂದೇ ಅರ್ಥ, ಅವನನ್ನು ಎಬ್ಬಿಸಬೇಕಾಗಿಲ್ಲ.