ಎರಡು ನಿಮಿಷಕ್ಕೆ ಎಷ್ಟು ಪಾಲುದಾರರು?

"ಹೊಟ್ಟೆ ಉರಿ ಡಾಕ್ಟ್ರೇ, ಆಮೇಲೆ ರಾತ್ರಿ ಹೊತ್ತು..." ಎನ್ನುವಷ್ಟರಲ್ಲಿ ಡಾಕ್ಟರ ಮೊಬೈಲು ಬಡಿದುಕೊಳ್ಳುತ್ತದೆ. ಅದು ಮುಗಿಯುವ ಮೊದಲೇ ಬಾಗಿಲು ಸರಿಸಿ ಇನ್ನೊಬ್ಬರು ತಲೆ ತೂರಿಸುತ್ತಾರೆ: "ರಿಪೋರ್ಟ್ ತೋರ್ಸೋದಷ್ಟೇ ಸಾರ್, ಒಂದೇ ನಿಮಿಷ." ರಿಪೋರ್ಟಿನ ಮೇಲೆ ಕಣ್ಣಾಡಿಸಿ ಇತ್ತ ತಿರುಗಿದ ಡಾಕ್ಟರು, "ಖಾರ ಜಾಸ್ತಿ ತಿಂತೀರಾ?" ಎಂದು ಕೇಳುತ್ತಾರೆ. ರಾತ್ರಿ ಏನಾಗುತ್ತದೆಂಬುದು ಹೇಳದೇ ಉಳಿಯಿತು. ನಮ್ಮ ಫ್ಯಾಮಿಲಿ ಡಾಕ್ಟರ ಕ್ಲಿನಿಕ್ಕುಗಳಲ್ಲಿ ಇದು ದಿನನಿತ್ಯದ ಪಾಡು.

ಡಾಕ್ಟರನ್ನು ಬೈಯಲು ಎಲ್ಲರಿಗೂ ಸಿಗುವ ಅಂಕಿ 18 ಸೆಕೆಂಡು. 1984ರಲ್ಲಿ ಅಮೆರಿಕದ ಸಂಶೋಧಕರಾದ ಬೆಕ್‌ಮನ್ ಮತ್ತು ಫ್ರಾಂಕೆಲ್ 74 ಭೇಟಿಗಳ ಧ್ವನಿಮುದ್ರಣ ಕೇಳಿ, ರೋಗಿ ಮಾತು ಶುರುಮಾಡಿದ ಸರಾಸರಿ ಅಷ್ಟು ಹೊತ್ತಿಗೇ ವೈದ್ಯರು ತಡೆಯುತ್ತಾರೆಂದು ತೋರಿಸಿದರು. ಅವರ ಇನ್ನೊಂದು ಮಾತು ನನಗೆ ಹೆಚ್ಚು ತೂಕದ್ದು: ರೋಗಿ ಮೊದಲು ಹೇಳಿದ್ದೇ ಮುಖ್ಯ ತೊಂದರೆ ಆಗಿರಬೇಕೆಂದಿಲ್ಲ. ಹೊಟ್ಟೆ ಉರಿ ಬರೀ ಪೀಠಿಕೆಯಾಗಿರಬಹುದು.

ಪೂರ್ತಿ ಕೇಳಲು ಪುರಸೊತ್ತೆಲ್ಲಿದೆ ಎನ್ನುವವರಿಗೆ 1999ರ ಅಮೆರಿಕದ ಇನ್ನೊಂದು ಅಧ್ಯಯನದಲ್ಲಿ ಉತ್ತರವಿದೆ. ಫ್ಯಾಮಿಲಿ ಡಾಕ್ಟರುಗಳು ತಡೆಯದೆ ಬಿಟ್ಟಾಗ ರೋಗಿಗಳು ಹೆಚ್ಚಿಗೆ ತೆಗೆದುಕೊಂಡದ್ದು ಸರಾಸರಿ 6 ಸೆಕೆಂಡು ಮಾತ್ರ. ಆದರೂ ನಮ್ಮ ಡಾಕ್ಟರ ನೆಪವನ್ನು ಪೂರಾ ತಳ್ಳಿಹಾಕಲಾಗದು. 2017ರ ಒಂದು ಜಾಗತಿಕ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಒಂದು ಭೇಟಿಗೆ ಸಿಗುವುದೇ ಸುಮಾರು 2 ನಿಮಿಷ. ಸ್ವೀಡನ್ನಿನಲ್ಲಿ 20 ನಿಮಿಷಕ್ಕೂ ಹೆಚ್ಚು. ಆ ಎರಡು ನಿಮಿಷದಲ್ಲೂ ಫೋನಿಗೆ, ರಿಪೋರ್ಟಿಗೆ, ಔಷಧಿ ಕಂಪನಿಯ ರೆಪ್‌ಗೆ ಪಾಲು ಕೊಟ್ಟರೆ ರೋಗಿಗೆ ಉಳಿಯುವುದೇನು?

ಹಾಗೆಂದು ನಡುವೆ ಬಾಯಿ ಹಾಕುವುದೆಲ್ಲ ತಪ್ಪಲ್ಲ. ಎದೆನೋವು ಎಂದವರನ್ನು ತಡೆದು "ಎಡಗೈಗೂ ಇಳಿಯುತ್ತಾ?" ಎಂದು ಕೇಳುವ ವೈದ್ಯರು ಕೇಳಿಸಿಕೊಳ್ಳುತ್ತಲೇ ಇದ್ದಾರೆ. ಹೊರಗಿನಿಂದ ಬರುವ ಅಡ್ಡಿಗೆ ಈ ಸಮರ್ಥನೆ ಇಲ್ಲ. ತೆರೆದ ಬಾಗಿಲಿನ ಮುಂದೆ ಯಾವ ಹೆಂಗಸು ಬಿಳಿಮುಟ್ಟಿನ ವಿಷಯ ಎತ್ತಿಯಾಳು?

ಅಡ್ಡಿ ಮಾಡುವವರಲ್ಲಿ ಮನೆಯವರೂ ಇದ್ದೇವೆ. "ಎಷ್ಟು ದಿನದಿಂದ ಅಮ್ಮಾ?" ಎಂದು ಡಾಕ್ಟರು ಕೇಳಿದರೆ, "ಮಾತ್ರೆ ಸರಿಯಾಗಿ ತಗೊಳ್ಳಲ್ಲ ಸಾರ್" ಎಂದು ಮಗ ದೂರು ಹೇಳುತ್ತಾನೆ. ಅಮ್ಮ ಸುಮ್ಮನಾಗುತ್ತಾರೆ, ಮಾತ್ರೆ ನುಂಗಿದರೆ ತಲೆ ಸುತ್ತುತ್ತದೆಂಬ ಕಾರಣ ಹೊರಗೆ ಬರುವುದೇ ಇಲ್ಲ.

ರಿಪೋರ್ಟ್ ನೋಡಲು ಬೇರೆ ಹೊತ್ತು ಗೊತ್ತುಮಾಡಿ, ಫೋನನ್ನು ಕಾಂಪೌಂಡರ್ ಕೈಗೆ ಕೊಟ್ಟು, ಬಾಗಿಲು ಮುಚ್ಚಿಸುವುದು ಯಾವ ಕ್ಲಿನಿಕ್ಕಿಗೂ ಖರ್ಚಿನ ಬಾಬ್ತಲ್ಲ. ಅಮ್ಮನನ್ನು ಕರೆದುಕೊಂಡು ಹೋಗುವವರು ಮೊದಲು ಅವರಿಗೇ ಮಾತಾಡಲು ಬಿಡಿ. ಮಾತ್ರೆಯ ದೂರು ಆಮೇಲೆ ಹೇಳಬಹುದು.