ಎತ್ತು ಮೇಯುವ ಹಾಸಿಗೆ

ಮನೆಯನ್ನೇ ಗಾಡಿಗೆ ಹಾಕಿಕೊಂಡು ದೇಶ ನೋಡುವ ಶೋಕಿಗೆ ಯುರೋಪಿನವರು ಹೇಳುವ ಆರಂಭದ ವರ್ಷ 1885. ಗಾರ್ಡನ್ ಸ್ಟೇಬಲ್ಸ್ ಎಂಬ ನೌಕಾಪಡೆಯ ಮಾಜಿ ವೈದ್ಯ ‘ವಾಂಡರರ್’ ಎಂಬ ಎರಡು ಟನ್ ತೂಕದ ಗಾಡಿ ಮಾಡಿಸಿ, ಜೋಡಿ ಕುದುರೆ ಹೂಡಿ, ಇಂಗ್ಲೆಂಡಿನ ಟ್ವೈಫರ್ಡ್‌ನಿಂದ ಸ್ಕಾಟ್ಲೆಂಡಿನ ಇನ್ವರ್‌ನೆಸ್‌ವರೆಗೆ ಹೋದ. ಇಂದಿನ ಮೋಟಾರ್‌ಹೋಮ್‌ಗಳ ಮೂಲಪುರುಷ ಅವನೇ ಅಂತೆ. ಬೈಲಹೊಂಗಲ ಕಡೆಯ ರೈತರಿಗೆ ಈ ಕತೆ ಹೇಳಿದರೆ ನಕ್ಕಾರು. ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಅವರ ಹಿರಿಯರು ಹೋಗುತ್ತಿದ್ದದ್ದೇ ಹಾಗೆ.

ಅವರು ಹೋಗುತ್ತಿದ್ದ ವಾಹನ ಕೊಲ್ಲಾರಿ ಬಂಡಿ. ಚಕ್ಕಡಿಯ ಮೇಲೆ ಬಿದಿರು ಬಗ್ಗಿಸಿ ಕಮಾನು ಕಟ್ಟಿ, ಮೇಲೆ ತಟ್ಟೋ ತಾಡಪತ್ರಿಯೋ ಹೊದಿಸಿದರೆ ಮನೆ ಸಿದ್ಧ. ರಸಿಕರು ನೋಡಬೇಕಾದದ್ದು ಅದರ ತಳವನ್ನು. ಮೊದಲು ಜೋಳದ ಕಣಿಕೆ ಹಾಸಬೇಕು, ಅದರ ಮೇಲೆ ಕಂಬಳಿ, ಕೌದಿ. ಕಬ್ಬಿಣದ ಹಳಿಯ ಗಾಲಿ ಕಲ್ಲಿನ ಮೇಲೆ ಹತ್ತಿಳಿದರೂ ಬೆನ್ನಿಗೆ ಪೆಟ್ಟಿಲ್ಲ. ಬಂಡಿ ಬಿಟ್ಟಲ್ಲಿ ಅದೇ ಕಣಿಕೆ ಎತ್ತಿಗೆ ಮೇವು. ದಿನ ಕಳೆದಂತೆ ಹಾಸಿಗೆ ತಗ್ಗುತ್ತದೆ, ಎತ್ತಿನ ಹೊಟ್ಟೆ ತುಂಬುತ್ತದೆ. ಇಂಧನದ ಮೇಲೆಯೇ ಮಲಗಿ ಸಾಗುವ ಇಂಥ ಏರ್ಪಾಡು ಯಾವ ಕಂಪನಿಯ ಕಾರವಾನ್‌ನಲ್ಲೂ ಇಲ್ಲ. ಅಡುಗೆಮನೆ ಎಂದರೆ ಒಂದು ಗಂಟು: ಕಟಿ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ. ವಾರವಾದರೂ ಕೆಡುವುದಿಲ್ಲ, ಫ್ರಿಜ್ ಬೇಡ.

ದಾರಿಯೂ ಚೆಂದ. ಹೆದ್ದಾರಿ ಬದಿಯ ಕಿತ್ತೂರಿನಿಂದ ಹೊರಟರೆ 1824ರ ಯುದ್ಧ ಕಂಡ ಕೋಟೆ. ಮುಂದೆ ಬೈಲಹೊಂಗಲದಲ್ಲಿ, ಸೆರೆಯಲ್ಲಿದ್ದು 1829ರಲ್ಲಿ ತೀರಿಕೊಂಡ ರಾಣಿ ಚನ್ನಮ್ಮನ ಸಮಾಧಿ. ಅಲ್ಲಿಂದ ಎರೆಭೂಮಿಯ ಬಯಲು. ಅದು ಮರಳುಗಾಡಲ್ಲ, ನಿಜ. ಆದರೆ ಸುಗ್ಗಿ ಮುಗಿದು ಹೊಲ ಬರಿದಾದ ಮೇಲೆ ಈ ಬಯಲಲ್ಲಿ ನೆರಳು ಹುಡುಕಿದವರಿಗೆ ಮರಳುಗಾಡಿನ ಸಂಕಟ ಗೊತ್ತು. ಈ ಸೀಮೆಯ ಮಳೆಯೂ ವಿಚಿತ್ರ: ಮಲಪ್ರಭೆ ಹುಟ್ಟುವ ಕಣಕುಂಬಿಯಲ್ಲಿ ಮಳೆ ಹಿಡಿದರೆ ಬಿಡುವುದಿಲ್ಲ. ಅದೇ ನದಿಯ ದಂಡೆಯ ರಾಮದುರ್ಗ ಮಳೆಗಾಗಿ ಮುಗಿಲು ನೋಡುತ್ತದೆ. ಎರಡೂ ಒಂದೇ ಜಿಲ್ಲೆಯವು!

ಮುನವಳ್ಳಿ ಹತ್ತಿರ ನೋಟ ಬದಲಾಗುತ್ತದೆ. ಮಲಪ್ರಭೆ ಗುಡ್ಡ ಸೀಳಿದ ಕಣಿವೆ ನವಿಲುತೀರ್ಥ, ಅಲ್ಲೇ ಅಣೆಕಟ್ಟು. ಅದರ ಹಿಂದೆ ರೇಣುಕಾಸಾಗರ ಜಲಾಶಯ, ತುಂಬಿದರೆ 37.73 ಟಿಎಂಸಿ ನೀರು. ಸವದತ್ತಿ ದಾಟಿ ಐದು ಕಿಲೋಮೀಟರಿನಷ್ಟು ಹೋದರೆ ಯಲ್ಲಮ್ಮನ ಗುಡ್ಡ, ರಾಯಬಾಗದ ಬೊಮ್ಮಪ್ಪ ನಾಯಕ 1514ರಲ್ಲಿ ಕಟ್ಟಿಸಿದನೆನ್ನುವ ಗುಡಿ.

ಬನದ ಹುಣ್ಣಿಮೆ, ಭರತ ಹುಣ್ಣಿಮೆಗಳ ಜಾತ್ರೆಯಲ್ಲಿ ಆ ಗುಡ್ಡದ ಮೇಲೊಂದು ಊರೇ ಹುಟ್ಟುತ್ತದೆ. ಎತ್ತು ಬಿಚ್ಚಿ ಗಾಲಿಗೆ ಕಟ್ಟಿ, ಮೂರು ಕಲ್ಲು ಹೂಡಿ, ಊರಿಂದ ತಂದ ಹತ್ತಿಕಟ್ಟಿಗೆಗೆ ಬೆಂಕಿ ಹಚ್ಚಿದರೆ ಹೋಳಿಗೆ, ಕಡಬು, ಬದನೆಕಾಯಿ ಪಲ್ಲೆ. ಪಡ್ಡಲಗಿಯ ಬುಟ್ಟಿ ತುಂಬಿಸಿ ದೇವಿಗೆ ಎಡೆ ತೋರಿಸಿ, ‘ಉಧೋ ಉಧೋ’ ಅಂದು, ಪಕ್ಕದ ಬಂಡಿಯವರನ್ನೂ ಕೂಡಿಸಿಕೊಂಡೇ ಊಟ. ಕರ್ನಾಟಕದವರಷ್ಟೇ ಅಲ್ಲ, ಮಹಾರಾಷ್ಟ್ರ, ಗೋವಾದವರೂ ಅಲ್ಲಿರುತ್ತಾರೆ.

ಈಗ ಬಂಡಿಗಳ ನಡುವೆ ಟ್ರ್ಯಾಕ್ಟರ್‌ಗಳದೇ ದೊಡ್ಡ ದಂಡು. ಟ್ರೇಲರ್‌ಗೆ ಕಮಾನು ಕಟ್ಟಿ, ತಾಡಪತ್ರಿ ಹೊದಿಸಿ, ಬಲ್ಬು ಹಾಕಿ, ಗ್ಯಾಸ್ ಒಲೆ ಇಟ್ಟು ಇಡೀ ಮನೆತನ ಹೊರಡುತ್ತದೆ. ಜಾಗ ಹೆಚ್ಚು, ದಿನ ಉಳಿತಾಯ. ಸುಖದ ಲೆಕ್ಕ ಹಾಕಿದರೆ ಮಾತ್ರ ಅಂಕ ಬಂಡಿಗೇ: ಟ್ರೇಲರ್‌ನ ಕುಲುಕಾಟಕ್ಕೆ ಹಲ್ಲು ಕಟಕಟ, ಎಂಜಿನ್ ಸದ್ದಿಗೆ ಮಾತು ಸತ್ತುಹೋಗುತ್ತದೆ. ಮೇಲಾಗಿ, ಅದು ಸರಕಿಗಾಗಿ ಇರುವ ವಾಹನ. ಜನರನ್ನು ಅದರಲ್ಲಿ ಸಾಗಿಸುವುದಕ್ಕೆ ಕಾನೂನಿನ ಒಪ್ಪಿಗೆ ಇಲ್ಲ. ಜಾತ್ರೆಗೆ ಹೋಗುವ ಟ್ರ್ಯಾಕ್ಟರ್ ಪಲ್ಟಿಯಾದ ಸುದ್ದಿ ಪತ್ರಿಕೆಗಳಿಗೆ ಹೊಸದೂ ಅಲ್ಲ.

ಆದ್ದರಿಂದ ಈ ಸಲ ಗುಡ್ಡಕ್ಕೆ ಹೊರಡುವವರಲ್ಲಿ ಒಂದು ಮಾತು. ಮನೆಮಂದಿಯನ್ನು ಬಸ್ಸಿಗೆ ಹತ್ತಿಸಿ, ಟ್ರೇಲರ್‌ನಲ್ಲಿ ಪಾತ್ರೆ, ಕಟ್ಟಿಗೆ, ದಿನಸಿ ಮಾತ್ರ ಕಳಿಸಿರಿ. ಬಂಡಿ ಹೂಡುವವರು ಹಗಲಲ್ಲೇ ದಾರಿ ಸವೆಸಿರಿ. ಬಂಡಿಯಾಗಲಿ ಟ್ರೇಲರಾಗಲಿ, ಹಿಂಬದಿಗೆ ಕೆಂಪು ರಿಫ್ಲೆಕ್ಟರ್ ಪಟ್ಟಿ ಅಂಟಿಸದೆ ಊರ ಅಗಸಿ ದಾಟಬೇಡಿರಿ.