ಕೌದಿಯ ನಡು

ಹಂಪಿಯಲ್ಲಿ 2023ರ ಜುಲೈನಲ್ಲಿ ಜಿ-20 ಸಭೆ ನಡೆದಾಗ ಲಂಬಾಣಿ ಕಸೂತಿಯ 1,755 ವಸ್ತುಗಳನ್ನು ಒಂದೆಡೆ ಹರವಿ ಗಿನ್ನೆಸ್ ದಾಖಲೆ ಮಾಡಿದರು. ಅವನ್ನು ಹೊಲಿದ ಸಂಡೂರಿನ ಹೆಣ್ಣುಮಕ್ಕಳ ಕೆಲಸ ಚೆನ್ನಾಗಿದೆ, ಅದಕ್ಕೆ ನನ್ನ ಶಿಫಾರಸು ಬೇಕಿಲ್ಲ. ಆದರೆ ಆಗ ನನ್ನ ಕಣ್ಣಿಗೆ ಬಿದ್ದ ಬರಹಗಳಲ್ಲಿ ಸಂಖ್ಯೆ ಇತ್ತು, ಗಣ್ಯರ ಹೆಸರಿತ್ತು, ಒಂದು ಹೊಲಿಗೆ ಹೇಗೆ ಕೂತಿದೆ ಎಂದು ಹೇಳುವ ಒಂದು ವಾಕ್ಯವೂ ಇರಲಿಲ್ಲ. ಕೈಕೆಲಸವನ್ನು ಎಣಿಸುವುದು, ಇಲ್ಲವೇ ಕಣ್ಣು ತುಂಬಿಕೊಂಡು ಹೊಗಳುವುದು, ನಮ್ಮಲ್ಲಿ ವಿಮರ್ಶೆಯೆಂದರೆ ಇವೆರಡೇ ಆಗಿವೆ. ಹಳೆ ಬಟ್ಟೆಯ ಪದರಗಳನ್ನು ಕೂಡಿಸಿ ಹೊಲಿದ ಹೊದಿಕೆ, ಕೌದಿ, ಅದರ ಪಾಲಿಗೆ ಎರಡನೆಯದು ಬಂದಿದೆ. ಅಜ್ಜಿಯ ನೆನಪು, ತವರಿನ ಬಿಸುಪು, ಹಳೆ ಸೀರೆಯ ವಾಸನೆ. ಇದನ್ನು ಓದಿ ಓದಿ ಬೇಸತ್ತು ಈ ಬರಹ.

ಕೌದಿಗೆ ಬರುವ ಮೊದಲು ಈಗ ಹೊಗಳಿಕೆ ಪಡೆಯುವ ಕೈಕೆಲಸ ನೋಡೋಣ. ರಾಯಚೂರು ಜಿಲ್ಲೆಯ ಸಿಂಧನೂರಿನ ಕಲ್ಯಾಣ ಮಂಟಪಗಳಲ್ಲಿ ಈಗ ಮದುವೆಯ ದಿನ ಬಾಗಿಲ ಬಳಿ ಒಂದು ಮೇಜು ಹಾಕುತ್ತಾರೆ. ಕುಂದನ್ ಹರಳು ಅಂಟಿಸಿದ ಕೊಬ್ಬರಿ ಬಟ್ಟಲು, ಮುತ್ತಿನ ಲೇಸು ಸುತ್ತಿದ ಆರತಿ ತಟ್ಟೆ, ವಧೂವರರ ಹೆಸರು ಬರೆದ ಅಂತರಪಟ, ಬಂದವರಿಗೆ ಕೊಡಲು ಗೊಂಡೆ ಕಟ್ಟಿದ ಚೀಲ. ಯೂಟ್ಯೂಬ್ ನೋಡಿ ಮನೆಯ ಹುಡುಗಿಯರೇ ಮಾಡಿದ್ದು ಎಂದು ಬೀಗರಿಗೆ ತೋರಿಸುತ್ತಾರೆ. ಇದರಲ್ಲಿ ತಪ್ಪೇನಿಲ್ಲ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು, ಭತ್ತ, ಅಕ್ಕಿ ಗಿರಣಿ ಎಲ್ಲ ಬಂದ ಮೇಲೆ ಊರಿಗೆ ಇಷ್ಟು ಥಳಕು ಬರದೆ ಇರುತ್ತದೆಯೆ? ಆದರೆ ಇದನ್ನು ಕಲೆ ಎಂದು ಹಾಡಿ ಹೊಗಳುವವರ ಹತ್ತಿರ ಒಂದು ಮಾತು ಕೇಳಬೇಕು. ಅಂಟು ಎಲ್ಲಿ ಬಿದ್ದರೂ ಹಿಡಿಯುತ್ತದೆ. ಹರಳು ಒಂದು ಎಳ್ಳಿನಷ್ಟು ಆಚೀಚೆಯಾದರೆ ಏನೂ ಕೆಡುವುದಿಲ್ಲ. ಕೆಡುವ ಭಯವೇ ಇಲ್ಲದ ಕೆಲಸದಲ್ಲಿ ಕೈ ಪಳಗುವುದು ಹೇಗೆ?

ಅದೇ ಮದುವೆಯ ಹೆಣ್ಣು ಮುಂದೆ ಬಾಣಂತನ ಮುಗಿಸಿ ಗಂಡನ ಮನೆಗೆ ಹೊರಟಾಗ ತೊಟ್ಟಿಲು, ಕುಂಚಿಗೆ, ಕುಲಾವಿಯ ಜೊತೆಗೆ ತವರಿನಿಂದ ಕೌದಿ ಹೋಗುತ್ತದೆ. ಅದನ್ನು ಯಾರೂ ಮೇಜಿನ ಮೇಲೆ ಇಡುವುದಿಲ್ಲ. ಮಸ್ಕಿ, ಲಿಂಗಸುಗೂರಿನ ಒಣಬೇಸಾಯದ ಹಳ್ಳಿಗಳಿಂದ ಗುಳೆ ಹೊರಟವರ ಗಂಟಿನಲ್ಲೂ ಅದೇ ಇರುತ್ತದೆ. ಬಡತನದ ಗುರುತಾಗಿ ಕಂಡದ್ದು ಉಡುಗೊರೆಯಾಗಿ ಕಾಣುವುದಿಲ್ಲ ಎಂಬ ಸಣ್ಣ ಕಾರಣಕ್ಕೆ ಕೌದಿ ಹಿಂದೆ ಬಿದ್ದಿದೆ. ಸಾಹಿತ್ಯದವರಂತೂ ಅದನ್ನು ರೂಪಕ ಮಾಡಿ ಮುಗಿಸಿದರು. ಯಾವ ಸಂಕಲನ ಬಂದರೂ ‘ಅನುಭವಗಳ ಕೌದಿ’ ಎಂದು ಬೆನ್ನುಡಿ ಬರೆಯುವವರಲ್ಲಿ ಎಷ್ಟು ಜನ ಕೌದಿಯನ್ನು ತಿರುವಿ ಬೆನ್ನು ನೋಡಿದ್ದಾರೆ?

ಮಸ್ಕಿಯ ಒಂದು ಮನೆಯಲ್ಲಿ ನಾನು ಹಿಡಿದು ನೋಡಿದ ಕೌದಿಯ ಮಾತಾಡುತ್ತೇನೆ. ಇಬ್ಬರು ಮಲಗುವಷ್ಟು ಅಗಲ. ಕೆಳಗಿನ ಹಾಸು ಇಳಕಲ್ ಸೀರೆಯ ಒಡಲು. ಸೆರಗಿನ ಕೆಂಪು ಒಂದು ಬದಿಯ ಅಂಚಾಗಿ ಮಡಚಿ ಬಂದಿದೆ. ಒಳಗೆ ಹಳೆ ಧೋತರ, ಪಟಗ. ಮೇಲೆ ತೇಪೆಗಳು: ಖಣದ ತುಂಡು, ಲುಂಗಿಯ ಚೌಕುಳಿ, ಶಾಲೆಯ ಅಂಗಿಯ ನೀಲಿ. ನೋಡಿದವರೆಲ್ಲ ಮೊದಲು ಈ ತೇಪೆಗಳ ಬಣ್ಣಕ್ಕೆ ಮರುಳಾಗುತ್ತಾರೆ. ನಾನು ಹೇಳುವುದು ಬಣ್ಣವನ್ನು ಪಕ್ಕಕ್ಕಿಟ್ಟು ದಾರ ಹೋದ ದಾರಿ ನೋಡಿ ಎಂದು.

ಹೊಲಿಗೆ ತೀರ ಸಾದಾ. ದಾರ ಒಮ್ಮೆ ಮೇಲೆ, ಒಮ್ಮೆ ಕೆಳಗೆ. ಉದ್ದುದ್ದ ಸಾಲು ಹಾಕಿಕೊಂಡು ಹೋಗುವವರೂ ಇದ್ದಾರೆ. ಈ ಕೌದಿಯಲ್ಲಿ ಹಾಗಿಲ್ಲ. ಅಂಚಿನಿಂದ ಶುರುವಾಗಿ ನಾಲ್ಕೂ ಬದಿ ಸುತ್ತಿ, ಒಂದು ಬೆರಳು ಒಳಕ್ಕೆ ಸರಿದು ಮತ್ತೆ ನಾಲ್ಕೂ ಬದಿ ಸುತ್ತಿ, ಹೀಗೇ ನಡುವಿಗೆ ಬರುವುದು. ಹೇಳಲು ಸುಲಭ. ಇದರ ತೊಡಕು ಹೊಲಿಯುವವರಿಗೇ ಗೊತ್ತು. ಪ್ರತಿ ಸುತ್ತಿನಲ್ಲೂ ದಾರ ಬಟ್ಟೆಯನ್ನು ಒಂದಿಷ್ಟು ಸೆಳೆಯುತ್ತದೆ. ಮೂರು ನಾಲ್ಕು ಪದರಗಳಲ್ಲಿ ಒಂದೊಂದರ ನೇಯ್ಗೆ ಒಂದೊಂದು ಥರ, ಒಂದೊಂದರ ಸವೆತ ಒಂದೊಂದು ಥರ. ಎಲ್ಲವೂ ಸಮನಾಗಿ ಸೆಳೆತಕ್ಕೆ ಬಗ್ಗುವುದಿಲ್ಲ. ಬಗ್ಗದ ಪದರದ ಸಡಿಲು ಎಲ್ಲಿಗೆ ಹೋಗಬೇಕು? ಹೊರಗೆ ಹೋಗಲು ದಾರಿಯಿಲ್ಲ, ಅಂಚು ಮೊದಲೇ ಮುಚ್ಚಿದೆ. ಅದು ಸುತ್ತಿನಿಂದ ಸುತ್ತಿಗೆ ಒಳಕ್ಕೆ ಸರಿಯುತ್ತ ಸರಿಯುತ್ತ ನಡುವಿಗೆ ಬಂದು ಗುಡ್ಡೆಯಾಗಿ ಕೂರುತ್ತದೆ. ಕೆಟ್ಟ ಕೌದಿಯ ನಡುವಿನಲ್ಲಿ ಉಬ್ಬು ಇರುವುದು ಇದಕ್ಕೇ. ಮೈ ಕೆಳಗೆ ಅದು ಗಂಟಾಗಿ ಒತ್ತುತ್ತದೆ.

ಈ ಕೌದಿಯ ನಡು ರೊಟ್ಟಿ ಬಡಿಯುವ ಕಲ್ಲಿನ ಹಾಗೆ ಸಮ ಇತ್ತು. ಹೇಗೆ ಬಂತು ಎಂದು ಹುಡುಕುತ್ತ ಹಿಂದಕ್ಕೆ ಹೋದೆ. ಎರಡು ಕಡೆ ಸಾಲು ನೆಟ್ಟಗಿಲ್ಲದೆ ಸ್ವಲ್ಪ ಬಾಗಿದೆ. ಮೊದಲು ಕೈ ತಪ್ಪಿದ್ದು ಎಂದೇ ಅನ್ನಿಸುತ್ತದೆ. ಬಾಗಿದ ಕಡೆಯಲ್ಲಿ ಬೆರಳಾಡಿಸಿದರೆ ಕೆಳಗೆ ದಪ್ಪ ಬಟ್ಟೆ ಸಿಗುತ್ತದೆ. ಬಹುಶಃ ಪಟಗದ ಅಂಚು. ಸಾಲು ಆ ದಪ್ಪವನ್ನು ಬಳಸಿಕೊಂಡು ಹೋಗಿದೆ. ಅದನ್ನು ತುಳಿದು ನೆಟ್ಟಗೆ ಹೋಗಿದ್ದರೆ ಅಲ್ಲಿಯೇ ಸಡಿಲು ಹುಟ್ಟುತ್ತಿತ್ತು. ಇನ್ನೊಂದು ಕಡೆ, ನಡುವಿಗೆ ಒಂದು ಗೇಣು ಇರುವಾಗ, ಮೂರು ಮೂಲೆಯ ಹಳದಿ ತೇಪೆಯೊಂದು ಬಂದಿದೆ. ಇಡೀ ಕೌದಿಯಲ್ಲಿ ಹಳದಿ ಇರುವುದು ಅಲ್ಲೊಂದೇ ಕಡೆ. ಬಣ್ಣದ ಮೇಲೆ ಬರೆಯುವವರು ಇದನ್ನು ನೋಡಿದರೆ ‘ದಿಟ್ಟ ಆಯ್ಕೆ’ ಎಂದಾರು. ಎತ್ತಿ ಬೆಳಕಿಗೆ ಹಿಡಿದರೆ ಅದರ ಕೆಳಗೆ ಒಂದು ಸಣ್ಣ ಮಡಿಕೆ ಕಾಣುತ್ತದೆ. ಹೊಲಿದಾಕೆ ಅಲ್ಲಿಯವರೆಗೆ ಕೂಡಿಬಂದ ಸಡಿಲನ್ನೆಲ್ಲ ಒಂದೇ ಮಡಿಕೆಯಲ್ಲಿ ಹಿಡಿದು, ಮಡಿಕೆಯ ಅಳತೆಗೆ ತೇಪೆ ಕತ್ತರಿಸಿ ಮುಚ್ಚಿದ್ದಾಳೆ. ಮಡಿಕೆ ಮೂರು ಮೂಲೆಯದು, ಹಾಗಾಗಿ ತೇಪೆಯೂ ಮೂರು ಮೂಲೆಯದು. ಆ ಹೊತ್ತಿಗೆ ಕೈಗೆ ಸಿಕ್ಕ ಅಷ್ಟಗಲದ ತುಂಡು ಹಳದಿ ಇದ್ದಿರಬೇಕು, ಅಷ್ಟೇ.

ಕೌದಿಯಲ್ಲಿ ಬಣ್ಣದ ನಿರ್ಧಾರ ಎಂದು ನಾವು ಕೊಂಡಾಡುವುದು ಎಷ್ಟೋ ಸಲ ಬಟ್ಟೆಯ ಜಗ್ಗಾಟದ ಲೆಕ್ಕ. ಇದರಿಂದ ಹಳದಿಯ ಚೆಲುವು ಕಡಿಮೆಯಾಗುವುದಿಲ್ಲ, ಆದರೆ ಅದರ ಹಿಂದೆ ಯಾವ ಬುದ್ಧಿ ಕೆಲಸ ಮಾಡಿದೆ ಎಂಬುದು ಬೇರೆಯಾಗುತ್ತದೆ. ಆ ಬುದ್ಧಿ ಸಂಸಾರದ ನೆನಪುಗಳದ್ದೂ ಅಲ್ಲ. ಎಷ್ಟೋ ಕೌದಿಗಳನ್ನು ಹೊಲಿಯುವುದು ಊರೂರು ತಿರುಗುವ ಗೊಂದಲಿಗರ, ಬುಡಬುಡಿಕೆಯವರ ಹೆಣ್ಣುಮಕ್ಕಳು. ಗಿರಾಕಿ ಕೊಟ್ಟ ಹಳೆ ಬಟ್ಟೆಯಲ್ಲಿ ಅವರದೊಂದು ಚೂರೂ ನೆನಪಿಲ್ಲ. ಯಾರದೋ ಅಜ್ಜಿಯ ಸೀರೆ ಅವರ ಕೈಯಲ್ಲಿ ಬರೀ ಬಟ್ಟೆ: ಎಷ್ಟು ಸವೆದಿದೆ, ಎಷ್ಟು ಜಗ್ಗುತ್ತದೆ, ದಾರ ತಡೆಯುತ್ತದೋ ಇಲ್ಲವೋ. ಕೌದಿ ಎಂದರೆ ಪ್ರೀತಿ ಎಂದು ಬರೆಯುವವರು ಈ ಕೂಲಿ ಕೆಲಸದವರನ್ನು ಎಲ್ಲಿಡುತ್ತಾರೆ?

ಈಗ ಇನ್ನೊಂದು ಜಗಳ. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಆಫ್ರಿಕ ಮೂಲದ ಸಿದ್ದಿ ಮಹಿಳೆಯರು ಹೊಲಿಯುವ ಕೌದಿಗಳ, ಅಂದರೆ ಕವಂದಿಗಳ, ಮೇಲೆ ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಕೆಲಸ ಮಾಡಿದ್ದಾರೆ. ಆ ಕೌದಿಗಳನ್ನು ಹೊರಗಿನವರು ನೋಡುವಂತಾದದ್ದರಲ್ಲಿ ಅವರ ಪಾಲು ದೊಡ್ಡದು. ಅಲ್ಲಿಯವರೆಗೆ ಸರಿ. ಅವರ ಹಿಂದೆ ಬಂದವರು ಮಾತ್ರ ಪ್ರತಿ ಗಾಢ ಬಣ್ಣದಲ್ಲಿ, ಪ್ರತಿ ಓರೆ ತೇಪೆಯಲ್ಲಿ ಆಫ್ರಿಕವನ್ನು ಕಾಣತೊಡಗಿದರು. ಜೊತೆಗೆ ಅಲಬಾಮಾದ ಜೀಸ್ ಬೆಂಡ್‌ನ ಕಪ್ಪು ಹೆಣ್ಣುಮಕ್ಕಳ ಕೌದಿಗಳು 2002ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂ ಗೋಡೆ ಏರಿ, 2006ರಲ್ಲಿ ಅಂಚೆಚೀಟಿಯೂ ಆದ ಮೇಲೆ ಎರಡನ್ನೂ ಒಂದೇ ಬಳ್ಳಿಯ ಕಾಯಿ ಎನ್ನುವುದು ಸಲೀಸಾಯಿತು. ಸಿದ್ದಿಗಳ ಕವಂದಿಯ ಮೂಲೆಗಳಲ್ಲಿ ಬರುವ ಹೂವಿನ ಮಡಿಕೆ ಅವರದೇ ಇರಬಹುದು, ಅದನ್ನು ಒಪ್ಪೋಣ. ಅಂಚಿನಿಂದ ನಡುವಿಗೆ ಸುತ್ತಿ ಬರುವ ಹೊಲಿಗೆ? ಸಡಿಲು ನುಂಗುವ ಓರೆ ತೇಪೆ? ಅವು ಮಸ್ಕಿಯಲ್ಲೂ ಇವೆ. ಮಸ್ಕಿಯ ಆ ಹೆಣ್ಣುಮಕ್ಕಳಿಗೆ ಆಫ್ರಿಕದ ನಂಟು ಕಟ್ಟಲು ಯಾರಿಗೂ ಧೈರ್ಯ ಬರಲಾರದು. ಹೊಲಿಗೆಯನ್ನು ನೋಡಿದ್ದರೆ ಈ ವಾದದ ಅರ್ಧ ಅಲ್ಲಿಗೇ ಕಳಚಿ ಬೀಳುತ್ತಿತ್ತು. ವಂಶಾವಳಿ ಹುಡುಕುವ ವಿಮರ್ಶೆಗೆ ಕೌದಿಯ ಮುಖ ಸಾಕು, ಅದು ಬೆನ್ನು ತಿರುಗಿಸಿ ನೋಡುವುದಿಲ್ಲ.

ಬಂಗಾಳದ ಕಾಂತಾದ ಕಥೆ ಇನ್ನೂ ಸ್ವಾರಸ್ಯದ್ದು. ಅದೂ ಹಳೆ ಸೀರೆಗಳ ಪದರ, ಅದೂ ಇದೇ ಸಾದಾ ಹೊಲಿಗೆ. ಕವಿ ಜಸೀಮುದ್ದೀನ್ 1929ರಲ್ಲಿ ಅದರ ಸುತ್ತ ಕಥನಕಾವ್ಯ ಬರೆದರು. ಗುರುಸದಯ ದತ್ತರು ಊರೂರು ಅಲೆದು ಸಂಗ್ರಹಿಸಿದರು. ಕಲಾ ಇತಿಹಾಸಕಾರ್ತಿ ಸ್ಟೆಲಾ ಕ್ರಾಮ್ರಿಶ್ 1939ರಲ್ಲಿ ಪ್ರಬಂಧ ಬರೆದರು. ನಮ್ಮ ಕಡೆಯ ಕೌದಿಗೆ ಅಂಥ ಕವಿಯಾಗಲಿ ಸಂಗ್ರಾಹಕನಾಗಲಿ ನನ್ನ ಕಣ್ಣಿಗೆ ಬಿದ್ದಿಲ್ಲ. ಕಾರಣ ನನಗೆ ಕಾಣುವುದು ಇಷ್ಟು: ಕಾಂತಾದ ದಾರ ಆನೆ ಬರೆಯುತ್ತದೆ, ತಾವರೆ ಬರೆಯುತ್ತದೆ, ರಥ ಬರೆಯುತ್ತದೆ. ಕೌದಿಯ ದಾರ ಏನನ್ನೂ ಬರೆಯುವುದಿಲ್ಲ, ಪದರ ಹಿಡಿದಿಡುತ್ತದೆ ಅಷ್ಟೇ. ಚಿತ್ರವಿದ್ದರೆ ಕಲೆ, ಇಲ್ಲದಿದ್ದರೆ ಹಾಸಿಗೆ ಎಂಬ ಈ ಅಳತೆಗೋಲು ಸಂಗೀತದಲ್ಲಿ ನಡೆಯುವುದಿಲ್ಲ. ಸಾಹಿತ್ಯವಿಲ್ಲದ ಆಲಾಪವನ್ನು ಯಾರೂ ಕಡಿಮೆ ಮಾಡಿ ಮಾತಾಡುವುದಿಲ್ಲ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳು 1970ರ ದಶಕದಿಂದ ಸಿಂಧನೂರು ತಾಲ್ಲೂಕಿನ ಆರ್.ಎಚ್. (ಪುನರ್ವಸತಿ) ಕ್ಯಾಂಪುಗಳಲ್ಲಿ ನೆಲೆಸಿವೆ. ಕಾಂತಾದ ನಾಡಿನವರೂ ಕೌದಿಯ ನಾಡಿನವರೂ ಅರ್ಧ ಶತಮಾನ ಒಂದೇ ಸಂತೆಯಲ್ಲಿ ಸೂಜಿ ದಾರ ಕೊಂಡಿದ್ದಾರೆ. ಎರಡನ್ನೂ ಪಕ್ಕಪಕ್ಕ ಹಾಸಿ ನೋಡಿದ ಒಂದು ಬರಹ ನನ್ನ ಕೈಗೆ ಸಿಕ್ಕಿಲ್ಲ. ಇದಕ್ಕೆ ನ್ಯೂಯಾರ್ಕಿನಿಂದ ಯಾರೂ ಬರಬೇಕಿಲ್ಲ, ಸಿಂಧನೂರಿನಿಂದ ಆ ಕ್ಯಾಂಪುಗಳ ಕಡೆಗೆ ಹೋದರೆ ಸಾಕು.

ಕೌದಿಯ ಮೇಲೂ ತಕರಾರು ಹೇಳದಿದ್ದರೆ ಇದು ವಿಮರ್ಶೆಯಾಗುವುದಿಲ್ಲ. ಈಗ ಮನೆಗಳಲ್ಲಿ ಸವೆದು ಸಿಗುವ ಸೀರೆಗಳಲ್ಲಿ ಎಷ್ಟೋ ಪಾಲಿಯೆಸ್ಟರ್. ಸೂಜಿ ಅದರಲ್ಲಿ ಸಲೀಸಾಗಿ ಹೋಗುತ್ತದೆ, ಆದರೆ ಪದರಗಳು ಒಂದನ್ನೊಂದು ಕಚ್ಚಿಕೊಳ್ಳದೆ ಜಾರುತ್ತವೆ, ಬೆವರು ಹೀರುವುದಿಲ್ಲ. ತಿಳಿದವರು ಒಳಗೆ ಹತ್ತಿ ಇಟ್ಟು ಹೊಳಪಿನದನ್ನು ಮೇಲಕ್ಕೆ ಮಾತ್ರ ಹಾಕುತ್ತಾರೆ. ತಿಳಿಯದವರದು ಎರಡು ಒಗೆತಕ್ಕೆ ಮುದ್ದೆಯಾಗುತ್ತದೆ. ನಗರದ ಅಂಗಡಿಗಳಲ್ಲಿ ಮದುವೆ ಉಡುಗೊರೆ ಎಂದು ಮಾರುವ ‘ಕೌದಿ’ಗಳನ್ನಂತೂ ಬಿಡಿ. ಹೊಸ ಬಟ್ಟೆಯನ್ನೇ ಚೌಕ ಕತ್ತರಿಸಿ ಯಂತ್ರದಲ್ಲಿ ಜೋಡಿಸಿ, ಮೇಲೆ ನಾಲ್ಕು ಬೆರಳಿಗೊಂದರಂತೆ ಕೈಹೊಲಿಗೆ ಓಡಿಸಿರುತ್ತಾರೆ. ಜಗ್ಗದ ಬಟ್ಟೆ, ಸವೆಯದ ಬಟ್ಟೆ, ಸಡಿಲೇ ಹುಟ್ಟದ ಬಟ್ಟೆ. ಹೊಲಿಯುವವರಿಗೆ ಅಲ್ಲಿ ಬಿಡಿಸಲು ಒಗಟೇ ಉಳಿದಿಲ್ಲ. ಇದಕ್ಕೆ ಸಾವಿರಾರು ರೂಪಾಯಿ ಎಣಿಸಿ ಕೊಡುವವರು ಬಾಗಿಲಿಗೆ ಬಂದ ಬುಡಬುಡಿಕೆಯ ಹೆಣ್ಣುಮಗಳ ಕೂಲಿಯಲ್ಲಿ ನೂರು ರೂಪಾಯಿ ಮುರಿಯಲು ಅರ್ಧ ತಾಸು ಕೊಸರಾಡುತ್ತಾರೆ.

ಪ್ರದರ್ಶನ ಮಾಡುವವರಿಗೂ ಒಂದು ಮಾತು. ಕೌದಿಯನ್ನು ಗೋಡೆಗೆ ಮೊಳೆ ಹೊಡೆದು ತೂಗಿಸಿದರೆ ತೇಪೆಯ ಮುಖ ಮಾತ್ರ ಕಾಣುತ್ತದೆ. ಬೆನ್ನಿನಲ್ಲಿ ತೇಪೆಗಳಿಲ್ಲ, ಅಲ್ಲಿ ಇಳಕಲ್ ಒಡಲಿನ ಮೇಲೆ ಬರೀ ದಾರದ ಸಾಲುಗಳು, ಎಲ್ಲಿ ಬಾಗಿದವು, ಎಲ್ಲಿ ಒತ್ತಾದವು, ಎಲ್ಲಿ ದಾರ ಮುಗಿದು ಹೊಸದು ಸೇರಿತು ಎಂಬುದೆಲ್ಲ ಸ್ಪಷ್ಟ. ಬಟ್ಟೆ ಒಣಹಾಕುವ ಹಗ್ಗದ ಮೇಲೆ, ಎರಡೂ ಕಡೆಯಿಂದ ಜನ ಬರುವ ಹಾಗೆ ನಡುಮನೆಯಲ್ಲಿ ತೂಗಿಸಿ. ನಡು ಉಬ್ಬಿದ ಒಂದೆರಡು ಕೆಟ್ಟ ಕೌದಿಗಳನ್ನೂ ಪಕ್ಕದಲ್ಲೇ ಇಡಿ, ನೋಡುವವರ ಕೈಗೆ ವ್ಯತ್ಯಾಸ ಸಿಗಲಿ. ಮುಟ್ಟಬೇಡಿ ಎಂಬ ಫಲಕ ಮಾತ್ರ ಹಾಕಬೇಡಿ.